ಫೊರೆನ್ಸಿಕ್ ಲ್ಯಾಬಿನಲ್ಲಿ ಯಾರ್ಯಾರಿದ್ದಾರೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಫೊರೆನ್ಸಿಕ್ ಬಗ್ಗೆಯೇ. ಸಂಪಾದಕರು ಅದನ್ನೆಲ್ಲ ಒಂದು ಕಟ್ಟು ಮಾಡಿ ನನಗೆ ದಾಟಿಸಿದ್ದಾರೆ. ನಾನು ತಿರುವನಂತಪುರದ ಸರ್ಕಾರಿ ಫೊರೆನ್ಸಿಕ್ ಲ್ಯಾಬಿನ ಬಯಾಲಜಿ ವಿಭಾಗದಲ್ಲಿದ್ದವಳು. ಅಂದರೆ ರಕ್ತ, ಕೂದಲು, ಎಂಜಲು, ಮೂಳೆ. ನಿವೃತ್ತಿಯಾಗಿ ಈಗ ಪೆರ್ಲದ ಹತ್ತಿರ ತೋಟದ ಮನೆಯಲ್ಲಿದ್ದೇನೆ. ಕೆಲಸ ಬಿಟ್ಟರೂ ಮದುವೆಯೂಟದ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುವುದು ಹೆಣದ ವಿಷಯವೇ. ಪಾಯಸ ಬರುತ್ತಿದೆ, ಈಗ ಬೇಡ ಅಂದರೂ ಬಿಡುವುದಿಲ್ಲ. ಇಲ್ಲಿಯಾದರೆ ನಿಧಾನವಾಗಿ ಹೇಳಬಹುದು.

ಪ್ರಶ್ನೆ: ಟೀವಿ ಧಾರಾವಾಹಿಯಲ್ಲಿ ಒಬ್ಬರೇ ಡಾಕ್ಟರು ಹೆಣ ಕೊಯ್ಯುತ್ತಾರೆ, ಬೆರಳಚ್ಚು ತೆಗೆಯುತ್ತಾರೆ, ಕಂಪ್ಯೂಟರಿನಲ್ಲಿ ಡಿಎನ್‌ಎಯನ್ನೂ ನೋಡುತ್ತಾರೆ. ನಿಜವಾಗಿ ಹಾಗಿದೆಯಾ?
– ನಿವೃತ್ತ ಮಾಷ್ಟ್ರು, ಕುಂಬಳೆ

ಇಲ್ಲ ಮಾಷ್ಟ್ರೇ. ಹಾಗಿದ್ದರೆ ಸರ್ಕಾರಕ್ಕೆ ಸಂಬಳ ಎಷ್ಟೋ ಉಳಿಯುತ್ತಿತ್ತು.

ಕೊಲೆ ಬೇಡ, ನಮ್ಮ ಕಡೆಯ ಅಡಿಕೆ ಕಳ್ಳತನವನ್ನೇ ತೆಗೆದುಕೊಳ್ಳಿ. ಗೋಣಿ ಕಟ್ಟಿ ಕೋಣೆಯಲ್ಲಿಟ್ಟ ಅಡಿಕೆ ಹೋಗಿದೆ. ಬಾಗಿಲಿನ ಚಿಲಕ ಮೀಟಿದ್ದಾರೆ. ಚಿಲಕದ ಮೇಲಿನ ಗೀರು ಭೌತಶಾಸ್ತ್ರ ವಿಭಾಗದವರ ಪಾಲು. ಸಲಾಕೆಯ ತುದಿಯಲ್ಲಿ ಬಳಸಿ ಬಳಸಿ ಆದ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಆರೋಪಿಯ ಮನೆಯಲ್ಲಿ ಸಿಕ್ಕಿದ ಸಲಾಕೆಯಿಂದ ಸೀಸದ ತಗಡಿನ ಮೇಲೆ ಹೊಸ ಗೀರು ಎಳೆಯುತ್ತಾರೆ. ಹಳೆಯದು, ಹೊಸದು ಎರಡನ್ನೂ ಕಂಪ್ಯಾರಿಸನ್ ಮೈಕ್ರೋಸ್ಕೋಪಿನಲ್ಲಿ ಪಕ್ಕಪಕ್ಕ ಇಟ್ಟು, ಗೆರೆಗೆ ಗೆರೆ ಕೂಡುತ್ತದಾ ಅಂತ ನೋಡುತ್ತಾರೆ. ಚಪ್ಪಲಿಗೆ ಅಂಟಿದ ಮಣ್ಣೂ ಅವರಿಗೇ. ಅಂಗಳದಲ್ಲಿ ಬಿದ್ದ ಬೀಡಿ ತುಂಡು ನನ್ನ ಮೇಜಿಗೆ, ಅದರಲ್ಲಿ ಎಂಜಲಿದೆ ಅಲ್ವಾ. ಸಿಸಿ ಕ್ಯಾಮೆರಾದ ಡಬ್ಬ ಸೈಬರ್‌ನವರಿಗೆ. ಬೆರಳಚ್ಚಿಗೆ ನಮ್ಮ ಕೇರಳದಲ್ಲಿ ಫಿಂಗರ್ ಪ್ರಿಂಟ್ ಬ್ಯೂರೋ ಅಂತ ಬೇರೆಯೇ ಘಟಕ ಇದೆ.

ಇನ್ನು ಹೆಣ ಕೊಯ್ಯುವವರು. ಅವರು ಲ್ಯಾಬಿನವರೇ ಅಲ್ಲ. ಎಂಬಿಬಿಎಸ್ ಮುಗಿಸಿ ಫೊರೆನ್ಸಿಕ್ ಮೆಡಿಸಿನ್‌ನಲ್ಲಿ ಎಂಡಿ ಮಾಡಿದ ಡಾಕ್ಟರುಗಳು. ಇರುವುದು ಆಸ್ಪತ್ರೆಯಲ್ಲಿ, ಮೆಡಿಕಲ್ ಕಾಲೇಜಿನಲ್ಲಿ. ನಾನು ಸರ್ವಿಸಿನಲ್ಲಿದ್ದಷ್ಟು ದಿನ ಒಂದೇ ಒಂದು ಹೆಣ ಕೊಯ್ದವಳಲ್ಲ. ಊರಲ್ಲಿ ಮಾತ್ರ ‘ಪೋಸ್ಟ್‌ಮಾರ್ಟಂ ಅಕ್ಕ’ ಅಂತಲೇ ಹೆಸರು.

ಫ್ರಾನ್ಸಿನ ಲಿಯಾನ್ ಊರಲ್ಲಿ ಎಡ್ಮಂಡ್ ಲೊಕಾರ್ಡ್ 1910ರಲ್ಲಿ ಪೊಲೀಸ್ ಲ್ಯಾಬ್ ಶುರು ಮಾಡಿದಾಗ ಅವರಿಗೆ ಕೊಟ್ಟದ್ದು ಕೋರ್ಟ್ ಕಟ್ಟಡದ ಅಟ್ಟದಲ್ಲಿ ಎರಡು ಕೋಣೆ. ಆಗ ಒಬ್ಬರೇ ಎಲ್ಲ ನೋಡುವುದು ನಡೆಯುತ್ತಿತ್ತೇನೋ. ಈಗ ನಡೆಯುವುದಿಲ್ಲ.

ಪ್ರಶ್ನೆ: ನನ್ನ ಅತ್ತಿಗೆ ಗೇರುಬೀಜ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ. ರೇಷನ್ ಅಂಗಡಿಯ ಮಿಷನ್ನಿನಲ್ಲಿ ಅವರ ಬೆರಳು ಬೀಳುವುದೇ ಇಲ್ಲ. ಹಾಗಾದರೆ ಅಂಥವರ ಬೆರಳಚ್ಚು ಪೊಲೀಸರಿಗೂ ಸಿಗುವುದಿಲ್ವಾ?
– ಓದುಗಿ, ಮಂಜೇಶ್ವರ

ಅತ್ತಿಗೆಗೆ ಏನಾದರೂ ಆಲೋಚನೆ ಇದ್ದರೆ ಬೇಡ ಅನ್ನಿ!

ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಮೇಲ್ಪದರ ಸುಲಿದು ಗೆರೆ ಮಸುಕಾಗುತ್ತದೆ. ಆದರೆ ಗೆರೆಯ ಮೂಲ ಇರುವುದು ಒಳಪದರದಲ್ಲಿ. ಚರ್ಮ ಮತ್ತೆ ಬಂದಾಗ ಅದೇ ಗೆರೆ ಅದೇ ಜಾಗದಲ್ಲಿ ಮೂಡುತ್ತದೆ. ಒಳಪದರದವರೆಗೆ ಗಾಯವಾದರೆ ಮಾತ್ರ ಗಾಯದ ಕಲೆ ಉಳಿಯುತ್ತದೆ. ಆಗ ಆ ಕಲೆಯೇ ಗುರುತು.

ಬೆರಳಚ್ಚಿನ ವಿದ್ಯೆಯಲ್ಲಿ ನಮ್ಮ ದೇಶ ಮೊದಲಿನದು. ಲೋಕದ ಮೊದಲ ಬೆರಳಚ್ಚು ಬ್ಯೂರೋ ಆದದ್ದು 1897ರಲ್ಲಿ, ಕೋಲ್ಕತ್ತಾದಲ್ಲಿ. ವಿಂಗಡಿಸುವ ಕ್ರಮಕ್ಕೆ ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಹೆಸರು ಬಂತು. ಲೆಕ್ಕ ಹಾಕಿ ಕೂರಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್‌ಸ್ಪೆಕ್ಟರ್‌ಗಳು. ಜಲಪಾಯ್‌ಗುರಿಯಲ್ಲಿ ಚಹಾ ತೋಟದ ಮ್ಯಾನೇಜರನ ಕೊಲೆಯಾದಾಗ ಸಿಕ್ಕಿದ್ದು ಒಂದು ಬಂಗಾಳಿ ಪಂಚಾಂಗ. ಅದರ ಮೇಲೆ ಕಂದು ಬಣ್ಣದ ಬೆರಳ ಗುರುತು. ಹಳೆಯ ಕಳ್ಳನೊಬ್ಬನ ಬಲ ಹೆಬ್ಬೆರಳಿಗೆ ಅದು ಕೂಡಿತು. ಕೋರ್ಟು ಅವನಿಗೆ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆಗೆ ಕೊಡಲಿಲ್ಲ. ಬೆರಳಚ್ಚು ಹೇಳಿದ್ದು ಆ ಮನುಷ್ಯ ಪಂಚಾಂಗ ಮುಟ್ಟಿದ್ದ ಅಂತ, ಅಷ್ಟೇ. ಕೋರ್ಟು ಅಲ್ಲಿಗೇ ನಿಲ್ಲಿಸಿತು. ನನಗೆ ಆ ಲೆಕ್ಕ ಸರಿ ಅನ್ನಿಸುತ್ತದೆ.

ಪ್ರಶ್ನೆ: ಅಂಗಿಯಲ್ಲಿದ್ದದ್ದು ಕೋಳಿಕಟ್ಟದ ರಕ್ತ ಅಂತ ಆರೋಪಿ ಹೇಳಿದರೆ ಏನು ಮಾಡುತ್ತೀರಿ? ಕವಳದ (ಎಲೆಯಡಿಕೆಯ) ಕಲೆ ಅಂದರೆ?
– ಆಟೋ ಓಡಿಸುವವರು, ಬದಿಯಡ್ಕ

ಹೀಗೆ ಹೇಳುವವರು ಎಲ್ಲ ಕಾಲದಲ್ಲೂ ಇದ್ದಾರೆ. 1901ರಲ್ಲಿ ಜರ್ಮನಿಯಲ್ಲಿ ಮಕ್ಕಳ ಕೊಲೆಯ ಆರೋಪದಲ್ಲಿ ಸಿಕ್ಕಿಬಿದ್ದ ಒಬ್ಬ ಬಡಗಿ, ತನ್ನ ಬಟ್ಟೆಯ ಕಲೆ ಮರಕ್ಕೆ ಬಳಿಯುವ ಬಣ್ಣ ಅಂದ. ಅದೇ ವರ್ಷ ಪೌಲ್ ಉಲೆನ್‌ಹುತ್ ಎಂಬವರು ಮನುಷ್ಯರ ರಕ್ತವನ್ನೂ ಪ್ರಾಣಿಗಳದನ್ನೂ ಬೇರೆ ಮಾಡುವ ಪರೀಕ್ಷೆ ಕಂಡುಹಿಡಿದಿದ್ದರು. ನೋಡಿದರೆ ಬಟ್ಟೆಯಲ್ಲಿ ಮನುಷ್ಯರ ರಕ್ತವೂ ಇತ್ತು, ಕುರಿಯದ್ದೂ ಇತ್ತು. ಮಕ್ಕಳನ್ನು ಕೊಂದವ, ಕುರಿಗಳನ್ನೂ ಕಡಿದಿದ್ದ.

ನಮ್ಮ ಮೇಜಿನ ಮೇಲೆ ಕೆಲಸ ಹೀಗೆ. ಮೊದಲು ಅಂಗಿಯನ್ನು ಬಿಳಿ ಕಾಗದದ ಮೇಲೆ ಹರಡುತ್ತೇವೆ. ಕಣ್ಣಿಗೆ ಕಾಣುವ ಕಲೆಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ ನಂಬರ್ ಕೊಡುತ್ತೇವೆ. ಕಾಲರಿನ ಮಡಿಕೆ, ಗುಂಡಿಯ ಕೆಳಗೆ, ಜೇಬಿನ ಹೊಲಿಗೆ, ಇಲ್ಲೆಲ್ಲ ಬಿಡಿಸಿ ನೋಡಬೇಕು. ಒಗೆದ ಬಟ್ಟೆಯಲ್ಲೂ ಹೊಲಿಗೆಯ ನೂಲಲ್ಲಿ ರಕ್ತ ಕೂತಿರುತ್ತದೆ. ಕಲೆಯಿಂದ ಒಂದು ನೂಲು ತೆಗೆದು ಫಿನಾಲ್ಫ್ಥಲೀನ್, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಕ್ಷಣದಲ್ಲಿ ಗುಲಾಬಿ ಬಣ್ಣ. ಅಲ್ಲಿಗೆ ರಕ್ತ ಅಂತ ಬರೆಯುವಂತಿಲ್ಲ. ಕೆಲವು ಗಿಡಗಳ ರಸವೂ ಆ ಬಣ್ಣ ಕೊಡುತ್ತದೆ. ಇದು ರಕ್ತ ಇರಬಹುದು ಎನ್ನುವ ಸೂಚನೆ ಮಾತ್ರ. ಖಚಿತ ಮಾಡಲು ಬೇರೆ ಪರೀಕ್ಷೆ, ಮನುಷ್ಯರದ್ದೋ ಅಂತ ತಿಳಿಯಲು ಮತ್ತೊಂದು, ಯಾರದ್ದು ಅನ್ನಲು ಡಿಎನ್‌ಎ.

ಕೋಳಿ ರಕ್ತಕ್ಕೆ ಒಂದು ವಿಶೇಷ ಇದೆ. ಅದರ ಕೆಂಪುಕಣದೊಳಗೆ ನ್ಯೂಕ್ಲಿಯಸ್ ಇರುತ್ತದೆ, ನಮ್ಮದರಲ್ಲಿ ಇಲ್ಲ. ಹಸಿ ರಕ್ತವಾದರೆ ಮೈಕ್ರೋಸ್ಕೋಪಿನಲ್ಲೇ ಕಾಣುತ್ತದೆ. ಆದರೆ ಲ್ಯಾಬಿಗೆ ಹಸಿ ಬರುವುದು ಎಲ್ಲಿಂದ? ಒಣಗಿದ ಕಲೆಯೇ ಬರುವುದು. ಕಾಸರಗೋಡಿನಿಂದ ತಿರುವನಂತಪುರ ಅಂದರೆ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿ ಪೂರ್ತಿ.

ಕವಳದ ವಿಷಯ ಕೇಳಿದ್ದು ಒಳ್ಳೆಯದಾಯಿತು. ಒಣಗಿದ ಕವಳದ ಉಗುಳು ದೂರದಿಂದ ರಕ್ತದ ಹಾಗೇ ಕಾಣುತ್ತದೆ. ಅದು ರಕ್ತವಲ್ಲ ಅಂತ ಗೊತ್ತಾದರೂ ನಾವು ಬಿಸಾಡುವುದಿಲ್ಲ. ಉಗುಳಿನಲ್ಲಿ ಬಾಯಿಯ ಒಳಗಿನ ಕೋಶ ಇರುತ್ತದೆ. ಉಗುಳಿದವ ಯಾರು ಅಂತ ಡಿಎನ್‌ಎಯಿಂದ ಸಿಗಬಹುದು. ಆ ಮನೆಗೆ ಹೋಗಿಯೇ ಇಲ್ಲ ಅಂದವನ ಕವಳ ಅಲ್ಲಿನ ಗೋಡೆಯಲ್ಲಿದ್ದರೆ?

ನನ್ನ ಒಂದು ಹಳೆಯ ಸಿಟ್ಟು ಇಲ್ಲಿ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಒಂದು ಸ್ಟೇಷನ್ನಿನಿಂದ ಒದ್ದೆ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ಚೆಂದಕ್ಕೆ ಅರಗಿನ ಮುದ್ರೆ ಹಾಕಿ ಕಳಿಸಿದ್ದರು. ಮುದ್ರೆ ಸರಿ ಇತ್ತು. ಒಳಗೆ ಅಂಗಿ ಪೂರ್ತಿ ಹಸಿರು ಬೂಸ್ಟು. ಬೂಸ್ಟು, ಬ್ಯಾಕ್ಟೀರಿಯಾ ಸೇರಿ ಡಿಎನ್‌ಎಯನ್ನು ತಿಂದುಹಾಕುತ್ತವೆ. ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಬೇಕು, ಪ್ಲಾಸ್ಟಿಕ್ ಬೇಡ. ಪಾಠ ಇಷ್ಟೇ. 2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, 7 ವರ್ಷ ಅಥವಾ ಜಾಸ್ತಿ ಶಿಕ್ಷೆಯ ಅಪರಾಧಕ್ಕೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೇ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ವಿಡಿಯೋ ಮಾಡಿಸಬೇಕು ಅಂತ ಇದೆ. ರಾಜ್ಯಗಳಿಗೆ ಇದನ್ನು ತರಲು 5 ವರ್ಷದವರೆಗೆ ಸಮಯ ಕೊಟ್ಟಿದ್ದಾರೆ. ಬೇಗ ಬರಲಿ.

ಡಿಎನ್‌ಎ ಅಂದಾಗ ಇನ್ನೊಂದು. ನಮ್ಮ ದೇಶದ ಕೋರ್ಟಿನಲ್ಲಿ ಡಿಎನ್‌ಎ ಪರೀಕ್ಷೆ ಮೊದಲು ಬಳಕೆಗೆ ಬಂದದ್ದು ದಿಲ್ಲಿಯಲ್ಲೂ ಅಲ್ಲ, ಮುಂಬೈಯಲ್ಲೂ ಅಲ್ಲ. ಇಲ್ಲೇ ಪಕ್ಕದ ತಲಶ್ಶೇರಿಯಲ್ಲಿ. ಮಗುವಿನ ತಂದೆ ಯಾರು ಎಂಬ ಕೇಸು. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಲಾಲ್‌ಜಿ ಸಿಂಗ್ ಅವರ ತಂಡ ಪರೀಕ್ಷೆ ಮಾಡಿತು. 1991ರಲ್ಲಿ ಕೇರಳ ಹೈಕೋರ್ಟೂ ಅದನ್ನು ಒಪ್ಪಿತು.

ಪ್ರಶ್ನೆ: ದೊಡ್ಡಪ್ಪ ತೀರಿಹೋದ ಮೇಲೆ ಅವರ ವಿಲ್ ಅಂತ ಒಂದು ಕಾಗದ ಹೊರಗೆ ಬಂದಿದೆ. ಕನ್ನಡದಲ್ಲಿದೆ. ಸಹಿ ಅವರದ್ದಲ್ಲ ಅಂತ ನಮಗೆ ಅನುಮಾನ. ಜೊತೆಗೆ ಅಜ್ಜನ ಕಾಲದ್ದು ಅಂತ ಒಂದು ಪಾಲುಪಟ್ಟಿಯನ್ನೂ ತೋರಿಸುತ್ತಿದ್ದಾರೆ. ತಿರುವನಂತಪುರದವರಿಗೆ ಕನ್ನಡ ಸಹಿ ಹೇಗೆ ಗೊತ್ತಾಗುತ್ತದೆ?
– ಹೆಸರು ಬೇಡ, ಮುಳ್ಳೇರಿಯ

ಇದನ್ನು ನೋಡುವವರು ಡಾಕ್ಯುಮೆಂಟ್ಸ್ ವಿಭಾಗದವರು. ಕೈಬರಹ, ಸಹಿ, ಶಾಯಿ, ಕಾಗದ, ಮುದ್ರೆ ಎಲ್ಲ ಅವರಿಗೆ. ನಾನು ಬಯಾಲಜಿಯವಳಾದರೂ ಕನ್ನಡ ಓದಲು ಬರುತ್ತದೆ ಎಂಬ ಕಾರಣಕ್ಕೆ ಅವರ ಕೋಣೆಯಿಂದ ಆಗಾಗ ಕರೆ ಬರುತ್ತಿತ್ತು. ಕಾಸರಗೋಡಿನ ಫೈಲು ಬಂತೆಂದರೆ ನನಗೆ ಒಂದು ಚಹಾ ಖಾತರಿ. ನಾನು ಓದಿ ಹೇಳುತ್ತಿದ್ದೆ. ಸಹಿ ನೋಡುವುದು ಅವರ ಕೆಲಸ.

ಅವರು ಅಕ್ಷರ ಚೆಂದ ಇದೆಯಾ ಅಂತ ನೋಡುವುದಿಲ್ಲ. ಕೈ ಓಡಿದ ದಾರಿ ನೋಡುತ್ತಾರೆ. ‘ಭಟ್ಟ’ ಅಂತ ಸಹಿ ಹಾಕುವವರು ಅಂತ ಇಟ್ಟುಕೊಳ್ಳಿ. ಭ ಬರೆದು ಪೆನ್ನು ಎತ್ತಿದರಾ, ಎತ್ತದೆ ಟಕ್ಕೆ ಹೋದರಾ? ಟದ ಒತ್ತನ್ನು ಎಳೆದದ್ದು ಮೇಲಿನಿಂದಲೋ, ತಿರುಗಿಸಿ ತಂದದ್ದೋ? ತಲೆಕಟ್ಟು ಮೊದಲೋ, ಕೊನೆಗೋ? ಕೊನೆಯ ಗೆರೆ ತೆಳುವಾಗಿ ಹಾರಿಹೋಗಿದೆಯಾ, ಮೊಂಡಾಗಿ ನಿಂತಿದೆಯಾ? ನಕಲು ಮಾಡುವವರು ರೂಪ ತರುತ್ತಾರೆ, ಓಟ ತರಲು ಆಗುವುದಿಲ್ಲ. ನಿಧಾನವಾಗಿ ಚಿತ್ರ ಬಿಡಿಸಿದ ಹಾಗೆ ಎಳೆದಿರುತ್ತಾರೆ, ಒತ್ತಡ ಉದ್ದಕ್ಕೂ ಒಂದೇ. ನಡುವೆ ಎತ್ತಬಾರದ ಕಡೆ ಪೆನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟು ಜೋಡಿಸಿರುತ್ತಾರೆ. ಭೂತಗನ್ನಡಿಯಲ್ಲಿ ಆ ಬೆಸುಗೆ ಕಾಣುತ್ತದೆ.

ದೊಡ್ಡಪ್ಪನಿಗೆ ಕೊನೆಗಾಲದಲ್ಲಿ ಕೈ ನಡುಗುತ್ತಿತ್ತು ಅಂತ ಎದುರಿನವರು ಹೇಳಬಹುದು. ಅದಕ್ಕೇ ಹೋಲಿಸಲು ಆ ಕಾಲದ್ದೇ ಸಹಿಗಳು ಬೇಕು. ಬ್ಯಾಂಕಿನ ಸ್ಲಿಪ್, ಪೆನ್ಷನ್ ಕಾಗದ, ಸೊಸೈಟಿಯ ಪುಸ್ತಕ, ಏನಿದ್ದರೂ ಹುಡುಕಿಡಿ. ಒಂದೆರಡು ಸಾಲದು. ಒಬ್ಬನೇ ಮನುಷ್ಯ ಎರಡು ಸಲ ಒಂದೇ ಥರ ಸಹಿ ಹಾಕುವುದಿಲ್ಲ. ಆ ವ್ಯತ್ಯಾಸ ಎಷ್ಟರವರೆಗೆ ಸಹಜ ಅಂತ ತಿಳಿಯಲು ಸಹಿ ಜಾಸ್ತಿ ಬೇಕು. ಕನ್ನಡ ಸಹಿಗೆ ಕನ್ನಡ ಸಹಿಯನ್ನೇ ಕೊಡಿ. ಇಂಗ್ಲಿಷ್ ಸಹಿ ಇಟ್ಟುಕೊಂಡು ಕನ್ನಡ ಸಹಿಗೆ ಉತ್ತರ ಹೇಳಲು ಯಾರಿಂದಲೂ ಆಗುವುದಿಲ್ಲ. ಜೆರಾಕ್ಸ್ ಕೊಟ್ಟು ಅಭಿಪ್ರಾಯ ಕೇಳಬೇಡಿ. ಪೆನ್ನು ಒತ್ತಿದ ಗುರುತು ಜೆರಾಕ್ಸಿನಲ್ಲಿ ಬರುವುದಿಲ್ಲ.

ಈಗ ಅಜ್ಜನ ಪಾಲುಪಟ್ಟಿ. ಇಲ್ಲಿ ಮಿಷನ್ನಿಗಿಂತ ಮೊದಲು ತಲೆ ಓಡಿಸಬೇಕು. ನಮ್ಮ ಊರಿನ ಚರಿತ್ರೆ ಇಲ್ಲಿ ಒಳ್ಳೆಯ ಸಾಕ್ಷಿ. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆಮೇಲೆ ಕೇರಳ, ಕಣ್ಣೂರು ಜಿಲ್ಲೆ. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ. 1970ರ ತಾರೀಕಿನ ಪತ್ರದಲ್ಲಿ ‘ಕಾಸರಗೋಡು ಜಿಲ್ಲೆ’ ಅಂತ ಬರೆದಿದ್ದರೆ ಬರೆದವರಿಗೆ ಭವಿಷ್ಯ ಗೊತ್ತಿತ್ತು ಅನ್ನಬೇಕು! ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದೆಯಾ ನೋಡಿ. ಅದು ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅದಕ್ಕೆ ಹಿಂದಿನ ತಾರೀಕಿನ ಪತ್ರದಲ್ಲಿ ಲೆಕ್ಕ ಆಣೆಯಲ್ಲಿರಬೇಕು. ಪಾಕಿಸ್ತಾನದಲ್ಲಿ ನವಾಜ್ ಷರೀಫ್ ಕುಟುಂಬದ ಕೇಸಿನಲ್ಲಿ ಹೀಗೇ ಆಯಿತು. 2006ರ ತಾರೀಕಿನ ಪತ್ರ ಕ್ಯಾಲಿಬ್ರಿ ಎಂಬ ಕಂಪ್ಯೂಟರ್ ಅಕ್ಷರಶೈಲಿಯಲ್ಲಿತ್ತು. ಅದು ಸಾಮಾನ್ಯ ಜನರ ಕಂಪ್ಯೂಟರಿಗೆ ಬಂದದ್ದು 2007ರಲ್ಲಿ. 2017ರ ತನಿಖೆಯಲ್ಲಿ ಸಿಕ್ಕಿಬಿತ್ತು.

ಇಷ್ಟರಲ್ಲಿ ಬಗೆಹರಿಯದಿದ್ದರೆ ಮಿಷನ್. ಕಣ್ಣಿಗೆ ಒಂದೇ ನೀಲಿ ಕಾಣುವ ಎರಡು ಶಾಯಿ ಇನ್ಫ್ರಾರೆಡ್ ಬೆಳಕಿನಲ್ಲಿ ಬೇರೆ ಬೇರೆ ಕಾಣಬಹುದು. 1 ಇದ್ದದ್ದನ್ನು 4 ಮಾಡಿದ್ದರೆ ಅಲ್ಲಿ ಗೊತ್ತಾಗುತ್ತದೆ. ಪುಸ್ತಕದ ಮೇಲಿನ ಹಾಳೆಯಲ್ಲಿ ಬರೆದದ್ದು ಕೆಳಗಿನ ಹಾಳೆಯಲ್ಲಿ ಒತ್ತಿರುತ್ತದೆ. ಅದನ್ನು ಎಬ್ಬಿಸಿ ಓದುವ ಉಪಕರಣ ಇದೆ. ಖಾಲಿ ಕಾಗದಕ್ಕೆ ಸಹಿ ಹಾಕಿಸಿ ಆಮೇಲೆ ಮೇಲೆ ಟೈಪು ಮಾಡಿದ್ದರೆ, ಸಹಿ ಮತ್ತು ಅಕ್ಷರ ಒಂದನ್ನೊಂದು ದಾಟುವ ಕಡೆ ಯಾವುದು ಮೇಲೆ ಕೂತಿದೆ ಅಂತ ನೋಡುತ್ತಾರೆ. ಶಾಯಿಗೆ ಎಷ್ಟು ವರ್ಷ ಆಯಿತು ಅಂತ ಮಾತ್ರ ಕೇಳಬೇಡಿ. ವಕೀಲರೆಲ್ಲ ಕೇಳುವುದು ಅದನ್ನೇ, ನಿಖರವಾಗಿ ಹೇಳುವುದು ಬಹಳ ಕಷ್ಟ.

ನೀವು ನೇರ ಲ್ಯಾಬಿಗೆ ಹೋದರೆ ತೆಗೆದುಕೊಳ್ಳುವುದಿಲ್ಲ. ಸಿವಿಲ್ ಕೇಸಿನಲ್ಲಿ ನಿಮ್ಮ ವಕೀಲರು ಕೋರ್ಟಿಗೆ ಅರ್ಜಿ ಹಾಕಿ, ಕೋರ್ಟ್ ಮೂಲಕ ಕಳಿಸಬೇಕು. ಪಾಲುಪಟ್ಟಿ ರಿಜಿಸ್ಟರ್ ಆದದ್ದಾದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟಿನ ಗುರುತು ಇದೆಯಾ ಕೇಳಿ. ಸಹಿಗಿಂತ ಅದು ನೂರು ಪಾಲು ವಾಸಿ. ಮತ್ತೆ, ಸಹಿ ದೊಡ್ಡಪ್ಪನದ್ದೇ ಅಂತಾದರೂ ವಿಲ್ ಗಟ್ಟಿಯಾಯಿತು ಅಂತಲ್ಲ. ವಿಲ್ಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಆ ಇಬ್ಬರು ಯಾರು ಅಂತ ನೀವು ಪತ್ರದಲ್ಲಿ ಬರೆದೇ ಇಲ್ಲ. ಮೊದಲು ಅದನ್ನು ನೋಡಿ.

ಪ್ರಶ್ನೆ: ಭಾವ ಮನೆಯಲ್ಲಿ ಇದ್ದಕ್ಕಿದ್ದ ಹಾಗೆ ತೀರಿಕೊಂಡರು. ಪೋಸ್ಟ್‌ಮಾರ್ಟಂ ಆಗಿದೆ. ಆದರೆ ಡಾಕ್ಟರು ಕಾರಣ ಬರೆಯದೆ, ರಾಸಾಯನಿಕ ಪರೀಕ್ಷೆಯ ವರದಿ ಬಂದ ಮೇಲೆ ಹೇಳುತ್ತೇನೆ ಅಂತ ಬಿಟ್ಟಿದ್ದಾರೆ. ಏನಾದರೂ ಮುಚ್ಚಿಡುತ್ತಿದ್ದಾರಾ?
– ಓದುಗರು, ನೀರ್ಚಾಲು

ಇಲ್ಲ. ಹಾಗೆ ಬರೆಯುವವರೇ ಪ್ರಾಮಾಣಿಕರು. ಹೊಟ್ಟೆ ಕೊಯ್ದ ಮಾತ್ರಕ್ಕೆ ಎಲ್ಲ ವಿಷವೂ ಕಣ್ಣಿಗೆ ಕಾಣುವುದಿಲ್ಲ. ಡಾಕ್ಟರು ಅಂದಾಜು ಬರೆದುಬಿಟ್ಟರೆ ಆಮೇಲೆ ತಿದ್ದುವುದು ಕಷ್ಟ.

ಅವರು ಜಠರ, ಅದರೊಳಗೆ ಇದ್ದದ್ದು, ಸಣ್ಣ ಕರುಳಿನ ಒಂದು ಭಾಗ, ಯಕೃತ್ತು, ಮೂತ್ರಪಿಂಡದ ಅರ್ಧರ್ಧ, ರಕ್ತ ಇಷ್ಟನ್ನು ಗಾಜಿನ ಅಗಲಬಾಯಿಯ ಭರಣಿಗಳಲ್ಲಿ ತೆಗೆದಿಡುತ್ತಾರೆ. ಕೆಡದಿರಲು ಏನು ಹಾಕುತ್ತಾರೆ ಗೊತ್ತಾ? ಉಪ್ಪು ನೀರು. ನಾವು ಅಡುಗೆಗೆ ಹಾಕುವ ಉಪ್ಪೇ, ಇನ್ನು ಕರಗುವುದಿಲ್ಲ ಅನ್ನುವಷ್ಟು ಹಾಕಿದ್ದು. ರಕ್ತಕ್ಕೆ ಸೋಡಿಯಂ ಫ್ಲೋರೈಡ್. ಭರಣಿಯನ್ನು ಕಂಠದವರೆಗೆ ತುಂಬುವುದಿಲ್ಲ, ಒಳಗೆ ಗ್ಯಾಸ್ ಎದ್ದರೆ ಮುಚ್ಚಳ ಹಾರುತ್ತದೆ. ಬಳಸಿದ ಉಪ್ಪು ನೀರಿನ ಮಾದರಿಯನ್ನೂ ಬೇರೆ ಕಳಿಸುತ್ತಾರೆ. ಇಲ್ಲದಿದ್ದರೆ ವಿಷ ಉಪ್ಪು ನೀರಿನಲ್ಲೇ ಇತ್ತು ಅಂತ ನಾಳೆ ವಕೀಲರು ಹೇಳುತ್ತಾರಲ್ಲ. ಫಾರ್ಮಲಿನ್‌ನಲ್ಲಿ ಹಾಕಿದ ಇನ್ನೊಂದು ಭರಣಿ ಇದ್ದರೆ ಅದು ಬೇರೆಯವರಿಗೆ. ಹೃದಯ, ಶ್ವಾಸಕೋಶದ ತುಂಡುಗಳನ್ನು ತೆಳುವಾಗಿ ಕತ್ತರಿಸಿ ರೋಗ ಇತ್ತಾ ಅಂತ ನೋಡುವ ಪೆಥಾಲಜಿಯವರಿಗೆ. ಅಲ್ಲಿಗೆ ನಿಮ್ಮ ಭಾವನ ಒಂದು ಕೇಸಿಗೆ ಮೂರು ಕಡೆ ಕೆಲಸ.

ಕೇರಳದಲ್ಲಿ ವಿಷ ಹುಡುಕುವುದು ನಮ್ಮ ಲ್ಯಾಬ್ ಅಲ್ಲ. ಕೆಮಿಕಲ್ ಎಕ್ಸಾಮಿನರ್ ಅಂತ ಪ್ರತ್ಯೇಕ ಇಲಾಖೆ ಇದೆ. ತಿರುವನಂತಪುರ, ಎರ್ನಾಕುಳಂ, ಕೋಝಿಕ್ಕೋಡಿನಲ್ಲಿ ಲ್ಯಾಬುಗಳು. ಹಳೆಯ ಮದ್ರಾಸಿನ ಪದ್ಧತಿ ಇದು. ಅಲ್ಲಿ 1849ರಲ್ಲೇ ಕೆಮಿಕಲ್ ಎಕ್ಸಾಮಿನರ್ ಹುದ್ದೆ ಇತ್ತು, ನಮ್ಮ ಊರೂ ಆಗ ಮದ್ರಾಸಿನ ಕೆಳಗೇ.

ವರದಿಯಲ್ಲಿ ‘ವಿಷ ಪತ್ತೆಯಾಗಲಿಲ್ಲ’ ಅಂತ ಬಂದರೂ ಅದನ್ನು ಓದುವ ಕ್ರಮ ಇದೆ. ವಾಂತಿಯಾಗಿ ಹೋಗಿರಬಹುದು, ದೇಹದಲ್ಲೇ ಒಡೆದುಹೋಗಿರಬಹುದು, ಅಥವಾ ವಿಷವೇ ಇಲ್ಲದೆ ಹೃದಯದ ತೊಂದರೆ ಇರಬಹುದು. ಮೂರೂ ಕಡೆಯ ವರದಿ ಸೇರಿಸಿ ಕೊನೆಯ ಮಾತು ಹೇಳುವವರು ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರೇ. ನೀವು ಸ್ಟೇಷನ್ನಿನಲ್ಲಿ ಕ್ರೈಂ ನಂಬರ್ ಬರೆದು ಲಿಖಿತ ಅರ್ಜಿ ಕೊಡಿ. ಬಾಯಿಮಾತಿನಲ್ಲಿ ಕೇಳಿ ಬಂದರೆ ಏನೂ ಉಳಿಯುವುದಿಲ್ಲ.

ಪ್ರಶ್ನೆ: ಚಂದ್ರಗಿರಿ ಹೊಳೆಯಲ್ಲಿ ಹೆಣ ಸಿಕ್ಕಿದರೆ ಮುಳುಗಿ ಸತ್ತದ್ದೋ, ಸತ್ತ ಮೇಲೆ ಹಾಕಿದ್ದೋ ಹೇಗೆ ಗೊತ್ತಾಗುತ್ತದೆ?
– ಕಾಲೇಜು ವಿದ್ಯಾರ್ಥಿ, ಚೆರ್ಕಳ

ಶ್ವಾಸಕೋಶ, ಶ್ವಾಸನಾಳದ ನೊರೆ ಎಲ್ಲ ಡಾಕ್ಟರು ನೋಡುತ್ತಾರೆ. ನಮ್ಮ ಪಾಲಿಗೆ ಬರುವುದು ಡಯಾಟಮ್. ನೀರಿನಲ್ಲಿರುವ, ಕಣ್ಣಿಗೆ ಕಾಣದ ಪಾಚಿ ಅದು. ಮೈಗೆ ಸಿಲಿಕಾದ ಚಿಪ್ಪು. ಬದುಕಿದ್ದವರು ನೀರು ಎಳೆದುಕೊಂಡರೆ ಅದು ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತದೆ. ಹೃದಯ ಬಡಿಯುತ್ತಿದ್ದರೆ ಮೂಳೆಯ ಮಜ್ಜೆಯವರೆಗೂ ಹೋಗುತ್ತದೆ. ನಾವು ತೊಡೆಮೂಳೆಯ ಮಜ್ಜೆಯನ್ನು ನೈಟ್ರಿಕ್ ಆಸಿಡಿನಲ್ಲಿ ಕಾಯಿಸುತ್ತೇವೆ. ಬೇರೆಲ್ಲ ಕರಗುತ್ತದೆ, ಆ ಚಿಪ್ಪು ಕರಗುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ದೋಣಿಯಾಕಾರದ್ದು, ದುಂಡಗಿನದ್ದು, ಮೈಮೇಲೆ ಸಾಲು ಸಾಲು ಗೆರೆ. ಹೊಳೆಯ ನೀರಿನಲ್ಲಿದ್ದ ಜಾತಿಯೇ ಮಜ್ಜೆಯಲ್ಲೂ ಇದೆಯಾ ಅಂತ ಹೋಲಿಸುತ್ತೇವೆ. ಅದಕ್ಕೇ ಹೆಣದ ಜೊತೆ ಸ್ಥಳದ ನೀರೂ ಬರಬೇಕು.

ಇದನ್ನೇ ಕಣ್ಣುಮುಚ್ಚಿ ನಂಬುವಂತಿಲ್ಲ. ಡಯಾಟಮ್ ಸಿಗಲಿಲ್ಲ ಅಂದರೆ ಮುಳುಗಿಲ್ಲ ಅಂತಲ್ಲ. ಅದಕ್ಕೆ ಬದುಕಲು ಬೆಳಕು ಬೇಕು. ಗುಡ್ಡ ಕೊರೆದು ನೀರು ತೆಗೆಯುವ ನಮ್ಮ ಸುರಂಗದ ಕತ್ತಲೆಯ ನೀರಿನಲ್ಲಿ, ಆಳದ ಬಾವಿಯಲ್ಲಿ ಅದು ಕಡಿಮೆ. ಮಳೆಗಾಲದ ಹೊಳೆಗೂ ಬೇಸಿಗೆಯ ಹೊಳೆಗೂ ವ್ಯತ್ಯಾಸ ಇರುತ್ತದೆ.

ಪ್ರಶ್ನೆ: ಕಾಡುಹಂದಿಗೆ ಇಟ್ಟ ನಾಡಕೋವಿಯ ಗುಂಡು ಯಾವ ಕೋವಿಯದ್ದು ಅಂತ ಹೇಳಲು ಆಗುತ್ತದಾ?
– ಕೃಷಿಕರು, ದೇಲಂಪಾಡಿ

ಪಿಸ್ತೂಲು, ರೈಫಲ್ಲಿನ ನಳಿಗೆಯೊಳಗೆ ಸುರುಳಿ ಕೊರೆದಿರುತ್ತಾರೆ. ಅದರ ಗೀರು ಗುಂಡಿನ ಮೇಲೆ ಬೀಳುತ್ತದೆ, ಬ್ಯಾಲಿಸ್ಟಿಕ್ಸ್‌ನವರು ಅದನ್ನೇ ಹೋಲಿಸುವುದು. ನಾಡಕೋವಿಯ ನಳಿಗೆ ಒಳಗೆ ನಯ. ಆ ಗೀರು ಸಿಗುವುದಿಲ್ಲ. ಆದರೆ ಸಂತೋಷಪಡಬೇಡಿ. ಮದ್ದಿನ ಮೇಲೆ ತುರುಕುವ ಚಿಂದಿ, ಕಾಗದ, ತೆಂಗಿನ ನಾರು ಉಳಿಯುತ್ತದೆ. 1784ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ಗಾಯದಿಂದ ತೆಗೆದ ಕಾಗದದ ಉಂಡೆ ಆರೋಪಿಯ ಜೇಬಿನಲ್ಲಿದ್ದ ಹರಿದ ಹಾಳೆಗೆ ಸರಿಯಾಗಿ ಕೂಡಿತು. ಆ ಕಾಲದಲ್ಲಿ ಲ್ಯಾಬೂ ಇರಲಿಲ್ಲ, ತಜ್ಞರೂ ಇರಲಿಲ್ಲ.

ಪ್ರಶ್ನೆ: ಬೇಯಿಸಿದ ಮಾಂಸ ಕಡವೆಯದ್ದೋ, ಆಡಿನದ್ದೋ ಅಂತ ಗೊತ್ತಾಗುತ್ತದಾ?
– ಓದುಗರು, ತಾಳವಾಡಿ

ಗೊತ್ತಾಗುತ್ತದೆ. ಒಂದೊಂದು ಕೋಶದಲ್ಲೂ ಅದಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಡಿಎನ್‌ಎಗೆ ನೂರಾರು ಪ್ರತಿ ಇರುತ್ತದೆ. ಬೆಂದರೂ ತುಂಡು ತುಂಡಾಗಿ ಉಳಿಯುತ್ತದೆ. ಹೈದರಾಬಾದಿನ ಸಿಸಿಎಂಬಿ, ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಯಲ್ಲಿ ಈ ಕೆಲಸ ಮಾಡುತ್ತಾರೆ. ಕಾಡುಹಂದಿ, ಊರಹಂದಿ ಬೇರೆ ಮಾಡುವುದು ಮಾತ್ರ ತಲೆನೋವು. ಎರಡೂ ಒಂದೇ ಜಾತಿ.

ಪ್ರಶ್ನೆ: ಮಂಪರು ಪರೀಕ್ಷೆ ಮಾಡಿದರೆ ಎಲ್ಲ ನಿಜ ಬಾಯಿಬಿಡುತ್ತಾರೆ ಅಲ್ವಾ? ಮತ್ತೆ ಯಾಕೆ ಎಲ್ಲರಿಗೂ ಮಾಡುವುದಿಲ್ಲ?
– ಓದುಗರು, ಅಕ್ಕಲಕೋಟೆ

ಇಲ್ಲ. ಮಂಪರಿನಲ್ಲಿ ಮನುಷ್ಯ ನಿಜವನ್ನೂ ಹೇಳುತ್ತಾನೆ, ಕಲ್ಪನೆಯನ್ನೂ ಹೇಳುತ್ತಾನೆ, ಕೇಳುವವರು ಬಯಸಿದ್ದನ್ನೂ ಹೇಳುತ್ತಾನೆ. 2010ರ ಮೇ 5ರಂದು ಸುಪ್ರೀಂ ಕೋರ್ಟು ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಕೇಸಿನಲ್ಲಿ, ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಮೆದುಳಿನ ಪರೀಕ್ಷೆ ಮಾಡುವಂತಿಲ್ಲ ಅಂದಿತು. ಒಪ್ಪಿ ಮಾಡಿಸಿಕೊಂಡರೂ ಆ ಹೇಳಿಕೆಯೇ ಸಾಕ್ಷಿಯಾಗುವುದಿಲ್ಲ. ನನ್ನನ್ನು ಕೇಳಿದರೆ ಒಂದು ಬೀಡಿ ತುಂಡು ಅದಕ್ಕಿಂತ ವಾಸಿ.

ಪ್ರಶ್ನೆ: ಬಾವಿ ತೋಡುವಾಗ ಮಣ್ಣಿನ ಗುಡಾಣ, ಮೂಳೆ ಸಿಕ್ಕಿತು. ಕೆಲಸದವರು ಹೆದರಿ ನಿಲ್ಲಿಸಿದ್ದಾರೆ. ತೊಳೆದು ನೋಡಬಹುದಾ?
– ಓದುಗರು, ಬೋವಿಕಾನ

ತೊಳೆಯಬೇಡಿ. ಮುಟ್ಟದೆ ಸ್ಟೇಷನ್ನಿಗೆ ಹೇಳಿ. ಮೊದಲ ಪ್ರಶ್ನೆ ಮನುಷ್ಯರದ್ದೋ, ದನದ್ದೋ ಅಂತ. ಮನುಷ್ಯರದ್ದಾದರೆ ಸೊಂಟದ ಮೂಳೆಯಿಂದ ಗಂಡೋ ಹೆಣ್ಣೋ, ಹಲ್ಲು ಮತ್ತು ಮೂಳೆ ಕೂಡಿದ ಜಾಗದಿಂದ ಅಂದಾಜು ವಯಸ್ಸು ಹೇಳುವವರಿದ್ದಾರೆ. ಗುಡಾಣ ಅಂದಿರಲ್ಲ, ಅದಕ್ಕೆ ಪುರಾತತ್ವದವರನ್ನೂ ಕರೆಸಿ ಅನ್ನಿ. ನಮ್ಮ ಜಿಲ್ಲೆಯ ಮುರಕಲ್ಲಿನ ಗುಡ್ಡಗಳಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳು ಬೇಕಾದಷ್ಟು ಸಿಕ್ಕಿವೆ. ಸಾವಿರಾರು ವರ್ಷದ ಹಿಂದಿನ ಅಜ್ಜನಿಗೆ ಎಫ್‌ಐಆರ್ ಹಾಕಿ ಪ್ರಯೋಜನವಿಲ್ಲ.

ಪ್ರಶ್ನೆ: ಮಗಳ ಮೊಬೈಲಿಗೆ ಬೆದರಿಕೆಯ ಮೆಸೇಜ್ ಬರುತ್ತಿದೆ. ಸ್ಕ್ರೀನ್‌ಶಾಟ್ ತೆಗೆದು ಮೆಸೇಜ್ ಡಿಲೀಟ್ ಮಾಡಿದ್ದೇವೆ. ಸಾಕಲ್ವಾ?
– ತಾಯಿ, ಉಪ್ಪಳ

ಇನ್ನು ಡಿಲೀಟ್ ಮಾಡಬೇಡಿ ಅಮ್ಮ. ಸ್ಕ್ರೀನ್‌ಶಾಟನ್ನು ಯಾರು ಬೇಕಾದರೂ ತಯಾರು ಮಾಡಬಹುದು. ಮೊಬೈಲನ್ನೇ ಸೈಬರ್ ಪೊಲೀಸರಿಗೆ ತೋರಿಸಿ, ಬಂದ ತಾರೀಕು, ಹೊತ್ತು, ನಂಬರ್ ಬರೆದಿಡಿ. ಡಿಲೀಟ್ ಆದದ್ದು ಕೆಲವೊಮ್ಮೆ ಸಿಗುತ್ತದೆ, ಆ ಮೊಬೈಲನ್ನು ಜಾಸ್ತಿ ಬಳಸಿದಷ್ಟೂ ಅವಕಾಶ ಕಡಿಮೆ. ಸೈಬರ್ ವಿಭಾಗದವರು ಮೊದಲು ಪೂರ್ತಿ ಪ್ರತಿ ತೆಗೆದು ಅದಕ್ಕೆ ಹ್ಯಾಶ್ ಎಂಬ ಉದ್ದದ ಸಂಖ್ಯೆ ಲೆಕ್ಕ ಹಾಕುತ್ತಾರೆ. ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಯಾರೂ ತಿದ್ದಿಲ್ಲ ಅಂತ ಕೋರ್ಟಿಗೆ ತೋರಿಸುವುದು ಅದರಿಂದ.

ಪ್ರಶ್ನೆ: ನಾನು ಪ್ಲಸ್ ಟು ಸಯನ್ಸ್. ಫೊರೆನ್ಸಿಕ್ ಸೇರಬೇಕು ಅಂತ ಆಸೆ. ಆದರೆ ರಕ್ತ ಕಂಡರೆ ತಲೆ ತಿರುಗುತ್ತದೆ. ಆಗುತ್ತದಾ ಅಕ್ಕ?
– ವಿದ್ಯಾರ್ಥಿನಿ, ಪೆರ್ಲ

ಆಗುತ್ತದೆ ತಂಗಿ. ಮೊದಲು ಯಾವ ವಿಭಾಗ ಅಂತ ಯೋಚಿಸು. ಹೆಣದ ಕೆಲಸ ಬೇಕಾದರೆ ನೀಟ್ ಬರೆದು ಎಂಬಿಬಿಎಸ್ ಮಾಡಬೇಕು, ಬೇರೆ ದಾರಿ ಇಲ್ಲ. ಲ್ಯಾಬಿಗಾದರೆ ಬಿಎಸ್ಸಿ, ಎಂಎಸ್ಸಿ. ಕೇರಳ ಪಿಎಸ್‌ಸಿ ಸೈಂಟಿಫಿಕ್ ಆಫೀಸರ್ ಹುದ್ದೆಗೆ ಕರೆಯುವುದು ವಿಷಯದ ಲೆಕ್ಕದಲ್ಲಿ: ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಡಾಕ್ಯುಮೆಂಟ್ಸ್ ಅಂತ. ಖಾಸಗಿ ಕಾಲೇಜಿಗೆ ದುಡ್ಡು ಕಟ್ಟಿ ಫೊರೆನ್ಸಿಕ್ ಡಿಗ್ರಿ ಸೇರುವ ಮೊದಲು ಹಳೆಯ ನೋಟಿಫಿಕೇಷನ್ ತೆಗೆದು ಯಾವ ಡಿಗ್ರಿ ಕೇಳಿದ್ದಾರೆ ಅಂತ ಓದು. ಕೆಮಿಸ್ಟ್ರಿಯಲ್ಲಿ ಗಟ್ಟಿ ಇದ್ದವರಿಗೆ ಫೊರೆನ್ಸಿಕ್ ಸಿಗದಿದ್ದರೂ ಬೇರೆ ಕೆಲಸ ಸಿಗುತ್ತದೆ ಅನ್ನುವುದು ನನ್ನ ಲೆಕ್ಕ. ಫೊರೆನ್ಸಿಕ್ಕೇ ಓದುವುದಾದರೆ ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನ ವಿಶ್ವವಿದ್ಯಾಲಯ ಇದೆ. ಗಾಂಧಿನಗರದ್ದು ಮುಖ್ಯ, ಗೋವಾ ಮತ್ತು ಧಾರವಾಡದಲ್ಲೂ ಕ್ಯಾಂಪಸ್ ಇದೆ.

ರಕ್ತದ ಚಿಂತೆ ಬಿಡು. ಡಾಕ್ಯುಮೆಂಟ್ಸ್, ಸೈಬರ್, ಫಿಸಿಕ್ಸ್‌ನಲ್ಲಿ ಅದರ ಮುಖವನ್ನೂ ನೋಡಬೇಕಾಗಿಲ್ಲ. ನಮ್ಮ ಬಯಾಲಜಿಯಲ್ಲೂ ನೋಡುವುದು ಒಣಗಿ ಕಂದಾದ ಕಲೆ, ಹಳೆಯ ಕಾಫಿ ಕಲೆಗಿಂತ ಭಯಂಕರ ಏನಿಲ್ಲ. ವಾಸನೆ ಮಾತ್ರ ಇರುತ್ತದೆ, ಅದಕ್ಕೆ ಮಾಸ್ಕ್ ಕೊಡುತ್ತಾರೆ. ಒಂದು ಭಾನುವಾರ ಮನೆಗೆ ಬಾ, ನನ್ನ ಹಳೆಯ ಮೈಕ್ರೋಸ್ಕೋಪ್ ಇದೆ. ಕೋಳಿ ರಕ್ತ ನೀನೇ ತರಬೇಕು. ನಮ್ಮದು ಸಸ್ಯಾಹಾರಿ ಮನೆ.